ನೌಬಾದ ಶೆಡ್ಡಿನ ಮೂಗು

೯ ಜನವರಿ ೨೦೨೪, ಮಂಗಳವಾರ

ಯಶೋಧರಾ ಭಾಲ್ಕಿಯಿಂದ ಈ ಡೈರಿ ಕಳಿಸಿದ್ದಾಳೆ. ಅಳಿಯ ಗೋರಖನಾಥ ಕೆಲಸ ಮಾಡುವ ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಹಂಚಿದ್ದಂತೆ. "ಅವ್ವಾ, ದಿನಾ ಫೋನ್ ಮಾಡಿ ನನ್ನ ತಲಿ ತಿಂತಿ. ಹತ್ತನೇತ್ತಾ ಪಾಸಾದಾಕಿ ನೀ, ಅದರಾಗ ಬರ್ಕೋ" ಅಂದಳು. ಮಗಳ ಮಾತು ಕೇಳಿ ಬರೆಯುತ್ತಿದ್ದೇನೆ. ತಂಗಿ ಕಾಂತಾಗೆ ಓದಲು ಬರುವುದಿಲ್ಲ, ಆದ್ದರಿಂದ ಅವಳ ಬಗ್ಗೆಯೂ ಧೈರ್ಯವಾಗಿ ಬರೆಯಬಹುದು.

ಹೋದ ವರ್ಷ ಮಳೆ ಕೈಕೊಟ್ಟಿತು. ಔರಾದ ಕಡೆಯ ನಮ್ಮೂರಿನಲ್ಲಿ ತೊಗರಿ ಹೂವಿನಲ್ಲೇ ಒಣಗಿತು, ಕೂಲಿಗೆ ಕರೆಯುವವರೇ ಇಲ್ಲ. ನಮ್ಮಿಬ್ಬರ ಗಂಡಂದಿರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ನಾವಿಬ್ಬರು ದಸರೆ ಹೊತ್ತಿಗೆ ಬೀದರಿಗೆ ಬಂದು ಚಿದ್ರಿಯಲ್ಲಿ ಒಂದು ಖೋಲಿ ಹಿಡಿದೆವು. ಕೆಲಸ ನೌಬಾದದಲ್ಲಿ, ನಜಮೋದ್ದೀನ ಸೇಠರ ಪ್ಲಾಸ್ಟಿಕ್ ಶೆಡ್ಡಿನಲ್ಲಿ. ಒಡೆದ ಕೊಡ, ಕುರ್ಚಿ, ಡ್ರಮ್ಮು, ಪೈಪು ಎಲ್ಲ ಅಲ್ಲಿಗೆ ಬರುತ್ತದೆ. ಅದನ್ನು ಬೇರೆ ಬೇರೆ ಮಾಡಿ, ಪುಡಿ ಮಾಡಿ, ಕರಗಿಸಿ, ಜೋಳದ ಕಾಳಿನಂಥ ದಾಣಾ ಮಾಡಿ ಕಳಿಸುತ್ತಾರೆ. ಕಾಂತಾ ಪುಡಿ ಮಾಡುವ ಮಷೀನಿನ ಬಳಿ ನಿಲ್ಲುತ್ತಾಳೆ. ಬೇರೆ ಮಾಡುವ ಕೆಲಸ ನನ್ನದು.

ಅದೇನು ಬಣ್ಣ ನೋಡಿ ಮಾಡುವ ಕೆಲಸ ಅಲ್ಲ. ಗುಮಾನಿ ಬಂದ ಚೂರಿನ ತುದಿಗೆ ಕಡ್ಡಿ ಗೀರಿ ಹಚ್ಚಬೇಕು, ಊದಿ ನಂದಿಸಬೇಕು, ಹೊಗೆಗೆ ಮೂಗು ಒಡ್ಡಬೇಕು. ಮೇಣದಬತ್ತಿಯ ವಾಸನೆ ಬಂದರೆ ಕೊಡದ ಪ್ಲಾಸ್ಟಿಕ್ಕು. ಕೂದಲು ಸುಟ್ಟಂತೆ ಬಂದರೆ ನೈಲಾನು. ಎದೆಗೆ ಇರಿಯುವ ಖಾರದ ಹುಳಿ ವಾಸನೆ ಬಂದರೆ ಪಿವಿಸಿ. ಅದೊಂದು ಮುಷ್ಟಿ ಕೂಡಿಕೊಂಡರೂ ಇಡೀ ಮಾಲು ಕೆಡುತ್ತದೆ. ಶೆಡ್ಡಿನಲ್ಲಿ ಹನ್ನೊಂದು ಮಂದಿ ಇದ್ದೇವೆ, ಮೂಗು ಇರುವುದು ನನಗೊಬ್ಬಳಿಗೇ. ಮೊದಲು ಸೇಠರೇ ಮೂಸುತ್ತಿದ್ದರಂತೆ. "ನಂದು ನೆಗಡಿ ಹೋಗವಲ್ದು ಜಿಜಾಬಾಯಿ, ಏಳು ವರ್ಷ ಆಯ್ತು. ಈಗ ಈ ಶೆಡ್ಡಿಗಿ ನಿಮ್ದೇ ಮೂಗು" ಅನ್ನುತ್ತಾರೆ. ಏಳು ವರ್ಷದ ನೆಗಡಿ! ನನಗೆ ನಗು ತಡೆಯಲಾಗಲಿಲ್ಲ.

೧೧ ಜನವರಿ, ಗುರುವಾರ. ಎಳ್ಳಮಾಸಿ

ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಈ ಸಲ ಖೋಲಿಯಲ್ಲೇ ಮಾಡಿದೆವು. ಭಜ್ಜಿಗೆ ಹಸಿ ಕಡಲೆ, ಅವರೆ, ಮೆಂತ್ಯ, ಹುಣಸೆಹಣ್ಣು ಎಲ್ಲ ಹಾಕಿ ಕುದಿಸಿದಾಗ ಬಂತು ನೋಡು ಘಮ, ನಮ್ಮ ಔರಾದ ಹೊಲವೇ ಚಿದ್ರಿಯ ಓಣಿಗೆ ಬಂದಂತೆ. ಪಕ್ಕದ ಮನೆಯ ಕುಬರಾ ಬಾಗಿಲಲ್ಲಿ ನಿಂತು "ಅಕ್ಕಾ, ಬಟ್ಟಲ ತಂದೇ ಬಂದೀನ್ರಿ" ಅಂದಳು. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿದ್ದೆ. ಅಂಬಲಿಗೆ ಬೆಳ್ಳುಳ್ಳಿ ಕುಟ್ಟಿ ಹಾಕಿದ್ದೆ, ಸಂಜೆಯವರೆಗೂ ಕೈಯಲ್ಲಿ ಅದರ ವಾಸನೆ.

ಯಶೋಧರಾಗೆ ಐದು ತಿಂಗಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅಂದರೆ ಈ ಖೋಲಿಯಲ್ಲಿ. ಅವಳು ಹುಟ್ಟಿದಾಗಿನ ಒಂದು ಮಾತು ನೆನಪಾಯಿತು. ನಮ್ಮತ್ತೆ ಪಂದ್ಯ ಕಟ್ಟಿ, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಓಣಿಯ ನಾಲ್ಕು ಕೂಸು ತಂದು ಮಲಗಿಸಿದ್ದಳು. ನಾಲ್ಕರ ನೆತ್ತಿಯನ್ನೂ ಮೂಸಿ ನನ್ನ ಕೂಸನ್ನು ಎತ್ತಿಕೊಂಡಿದ್ದೆ. ಹಾಲು, ಎಳ್ಳೆಣ್ಣೆ, ಹಸಿ ಹೆಸರುಹಿಟ್ಟು, ಅದರ ಅಡಿಯಲ್ಲಿ ಇನ್ನೊಂದು ಏನೋ. ಆ ಏನೋ ಒಂದಕ್ಕೆ ಹೆಸರಿಲ್ಲ. ಅದಕ್ಕಾಗಿ ಮೇ ತಿಂಗಳನ್ನು ಕಾಯುತ್ತಿದ್ದೇನೆ.

೬ ಫೆಬ್ರವರಿ, ಮಂಗಳವಾರ

ಈಗ ಔರಾದ ಕಡೆಯಿಂದ ಲಾರಿಗಟ್ಟಲೆ ಪೈಪು. ಬತ್ತಿದ ಬೋರಿನಿಂದ ಮೇಲೆ ಎಳೆದು ಗುಜರಿಗೆ ಹಾಕಿದ್ದಾರೆ. ಒಂದು ಪೈಪಿನ ಮೇಲೆ ಸುಣ್ಣದಲ್ಲಿ ನಮ್ಮ ಪಕ್ಕದ ಹೊಲದವರ ಹೆಸರು ಬರೆದಿತ್ತು. ನೀರು ಬರಲಿಲ್ಲ, ಪೈಪು ನಮ್ಮ ಹಿಂದೆಯೇ ಬಂತು ಅಂತ ಕಾಂತಾಗೆ ಹೇಳಿದೆ. ಅವಳು ನಗಲಿಲ್ಲ. ಹುಬ್ಬು, ರೆಪ್ಪೆ ಎಲ್ಲ ಪ್ಲಾಸ್ಟಿಕ್ ಪುಡಿ ಹಿಡಿದು ಬೆಳ್ಳಗಾಗಿ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳ ಹಾಗೆ ಕಾಣುತ್ತಾಳೆ. ಚಹಾದ ಮೇಲೆ ಪುಡಿ ಕೆನೆಗಟ್ಟುತ್ತದೆ. ಊದಿ ಕುಡಿಯುತ್ತೇವೆ.

೨ ಮಾರ್ಚ್, ಶನಿವಾರ

ಬುಧವಾರ ಸಂಶೋಧನೆ ಮಾಡುವ ಡಾಕ್ಟರ್ ಬಾಯಿ ಒಬ್ಬರು ಶೆಡ್ಡಿಗೆ ಬಂದಿದ್ದರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ನಮ್ಮ ರಕ್ತ ತೆಗೆದುಕೊಂಡರು. ಮೂಗಿಗೆ ಉಪ್ಪುನೀರು ಬಿಟ್ಟು, ಅದು ಹೊರಗೆ ಬಂದದ್ದನ್ನು ಶೀಶೆಯಲ್ಲಿ ಹಿಡಿದುಕೊಂಡರು. ಸಿಂಬಳಕ್ಕೂ ಒಂದು ಕಾಲ ಬಂತಲ್ಲ ಎಂದು ಎಲ್ಲರೂ ನಕ್ಕೆವು.

ಆಮೇಲೆ ಅವರು ಹೇಳಿದ್ದು ಕೇಳಿ ನಗು ನಿಂತಿತು. ಕಣ್ಣಿಗೆ ಕಾಣುವ ಪುಡಿ ಬೇರೆ, ಕಾಣದ ಪುಡಿ ಬೇರೆ. ಕಾಣದ್ದು ಉಸಿರಿನಲ್ಲಿ, ನೀರಿನಲ್ಲಿ, ಊಟದಲ್ಲಿ ಒಳಗೆ ಹೋಗುತ್ತದೆ. ಮನುಷ್ಯರ ಪುಪ್ಪುಸದಲ್ಲಿ, ರಕ್ತದಲ್ಲಿ, ಹೆರಿಗೆಯ ನಂತರ ಬೀಳುವ ಮಾಸಿನಲ್ಲಿ ಕೂಡ ಸಿಕ್ಕಿದೆಯಂತೆ.

"ಒಳಗ ಹೋಗಿ ಏನ್ ಮಾಡ್ತಾವ್ರಿ ಅವು?" ಎಂದು ಕೇಳಿದೆ.

"ಪೂರಾ ಗೊತ್ತಿಲ್ಲ ಅಕ್ಕಾ. ಬಾವು ತರಬಹುದು. ಉಸಿರಾಟಕ್ಕೆ ತೊಂದರೆ ಆಗಬಹುದು. ಇನ್ನೂ ಹುಡುಕ್ತಾ ಇದ್ದೀವಿ."

ಇಷ್ಟು ವರ್ಷ ಓದಿ ಗೊತ್ತಿಲ್ಲ ಅನ್ನುತ್ತಾಳಲ್ಲ ಎಂದು ಸಿಟ್ಟು ಬಂತು. ಸುಳ್ಳು ಹೇಳಲಿಲ್ಲ ಎಂದು ಆಮೇಲೆ ಸಮಾಧಾನವೂ ಆಯಿತು. ಎಲ್ಲರಿಗೂ ಮಾಸ್ಕ್ ಕೊಟ್ಟು ಹೋದರು. ಕಾಂತಾ ಎರಡು ದಿನ ಕಟ್ಟಿಕೊಂಡು, ಬೆವರಿಗೆ ಒದ್ದೆಯಾಗುತ್ತದೆ ಅಂತ ಬಿಚ್ಚಿಟ್ಟಳು. ನಾನಂತೂ ಕಟ್ಟುವ ಹಾಗೇ ಇಲ್ಲ. ಮೂಗು ಮುಚ್ಚಿಕೊಂಡು ಮೂಸುವುದು ಹೇಗೆ? ಬಾಯಿಗೆ ಬೀಗ ಹಾಕಿ ಹಾಡು ಅಂದಂತೆ.

ಆದರೆ ಕೂಸಿನ ಚಿಂತೆ ಹತ್ತಿತು. ಶೆಡ್ಡಿನ ಸೀರೆಯಲ್ಲಿ ಕೂಸು ಮುಟ್ಟುವುದಿಲ್ಲ, ಸ್ನಾನ ಮಾಡಿ, ಸೀರೆ ಬದಲಿಸಿಯೇ ಎತ್ತಿಕೊಳ್ಳುತ್ತೇನೆ ಎಂದು ತೀರ್ಮಾನ ಮಾಡಿದ್ದೇನೆ. ಗುಮಾನಿಯ ಚೂರುಗಳನ್ನು ಇನ್ನೊಮ್ಮೆ ಮೂಸಲೆಂದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬರುವ ಚಟ ನನಗೆ. ಬಂದ ಕೂಡಲೇ ಅವನ್ನು ಬಿಚ್ಚಿ ಡಬ್ಬಿಗೆ ಹಾಕಿ ಗೋಡೆಯ ಮಾಡದಲ್ಲಿ ಇಡುತ್ತೇನೆ, ಪುಡಿ ಮನೆಯಲ್ಲಿ ಉದುರಬಾರದು.

೧೯ ಮಾರ್ಚ್, ಮಂಗಳವಾರ

ಮಂಡಿಯಿಂದ ಕೊತ್ತಂಬರಿ ತಂದೆ. ನೋಡಲು ಹಸಿರು, ವಾಸನೆ ಸೊನ್ನೆ. ಟ್ಯಾಂಕರ್ ನೀರಿನಲ್ಲಿ ಬೆಳೆದದ್ದಕ್ಕೆ ಎಲ್ಲಿಂದ ಬರಬೇಕು. ಬರ ಬಂದರೆ ಕಾಳಿಗಷ್ಟೇ ಅಲ್ಲ, ವಾಸನೆಗೂ ಬರುತ್ತದೆ.

ಚಿದ್ರಿಯ ಏರಿಗೆ ಹೊಸ ರಸ್ತೆ ಹಾಕಿ ಇನ್ನೂ ಎತ್ತರ ಮಾಡಿಬಿಟ್ಟಿದ್ದಾರೆ. ಬರುವಾಗ ನಡುವೆ ಒಮ್ಮೆ ಕೂತು ಬರಬೇಕಾಗುತ್ತದೆ.

೧೪ ಏಪ್ರಿಲ್, ಭಾನುವಾರ. ಜಯಂತಿ

ಬಾಬಾಸಾಹೇಬರ ಮೆರವಣಿಗೆ. ಬೀದರಿನ ಬೀದಿಯೆಲ್ಲ ನೀಲಿ. ಯಶೋಧರಾ ಹೆರಿಗೆಗೆಂದು ಬಂದಿದ್ದಾಳೆ, ಹೊಟ್ಟೆ ಹೊತ್ತುಕೊಂಡು ಓಣಿಯ ಮೂಲೆಯಲ್ಲಿ ನಿಂತು ನೋಡಿದಳು. ಮಗ ಹುಟ್ಟಲಿ, ಮಗಳು ಹುಟ್ಟಲಿ, ಓದಿಸಿಯೇ ತೀರುತ್ತೇನೆ ಅಂದಳು. ನನ್ನ ಮಗಳೇ ಅವಳು.

ಬೆಳಿಗ್ಗೆ ಒಂದು ರಾದ್ಧಾಂತ. ಎಲ್ಲರಿಗೂ ಚಹಾ ಮಾಡಿ ಕೊಟ್ಟೆ. ಯಶೋಧರಾ ಒಂದು ಗುಟುಕು ಕುಡಿದು ಉಗುಳಿದಳು.

"ಅವ್ವಾ, ಹಾಲ ಕೆಟ್ಟ್ಯಾವ. ವಾಸನಿ ಬರಲಿಲ್ಲೇನ ನಿನಗ?"

"ಬಸುರಿ ಬಾಯಿಗಿ ಅಮೃತಾನೂ ಕೆಟ್ಟೇ ಇರ್ತಾದ" ಅಂದೆ. ಆದರೆ ಕುಬರಾ ಕೂಡ ಲೋಟ ಕೆಳಗಿಟ್ಟಳು. ಎಮ್ಮೆಗೆ ಮೇವಿಲ್ಲ, ಈಗಿನ ಹಾಲಿಗೆ ಒಳ್ಳೆಯ ವಾಸನೆಯೂ ಇಲ್ಲ, ಕೆಟ್ಟ ವಾಸನೆಯೂ ಇಲ್ಲ. ಕಾಂತಾ ಮಾತ್ರ ತನ್ನ ಚಹಾ ಪೂರ್ತಿ ಕುಡಿದಳು. ಅಕ್ಕನ ಮರ್ಯಾದೆ ಕಾಯುವವಳು ಅವಳೊಬ್ಬಳೇ.

೨೦ ಏಪ್ರಿಲ್, ಶನಿವಾರ

ಡಾಕ್ಟರ್ ಬಾಯಿ ಮತ್ತೆ ಬಂದಿದ್ದರು. ನಮ್ಮೆಲ್ಲರ ಮೂಗಿನ ನೀರಿನಲ್ಲಿ ಆ ಕಾಣದ ಚೂರು ಇದೆ, ರಕ್ತದಲ್ಲೂ ಇದೆ. ನನ್ನ ಮೂಗಿನಲ್ಲಿ ಎಲ್ಲರಿಗಿಂತ ಹೆಚ್ಚು. ಅದರಲ್ಲೂ ಮೊದಲ ನಂಬರು ಬಂದೆನಲ್ಲ ಅಂದೆ. ಆ ಡಾಕ್ಟರ್ ಹುಡುಗಿ ನಗಲಿಲ್ಲ. ನಾಲ್ಕು ಸಣ್ಣ ಶೀಶೆ ಕೊಟ್ಟು ಮೂಸಲು ಹೇಳಿದಳು. ಒಂದರಲ್ಲಿ ಲವಂಗ, ಸ್ವಲ್ಪ. ಉಳಿದ ಮೂರು ಖಾಲಿ ಶೀಶೆ. ಖಾಲಿ ಶೀಶೆ ಕೊಟ್ಟು ನಮ್ಮನ್ನು ಪರೀಕ್ಷೆ ಮಾಡುತ್ತಾರೆ, ಜಾಣರು! ನಾನು ಮೋಸ ಹೋಗಲಿಲ್ಲ.

"ಅಕ್ಕಾ, ಮೂಗಿನ ಡಾಕ್ಟರಿಗೆ ಒಮ್ಮೆ ತೋರಿಸ್ರಿ. ಮುಂದೂಡಬೇಡ್ರಿ" ಎಂದು ಚೀಟಿ ಬರೆದು ಕೊಟ್ಟಳು. ಮಗಳ ಹೆರಿಗೆ ಮುಗಿಯಲಿ.

ಮಧ್ಯಾಹ್ನ ಮಾಲಿನಲ್ಲಿ ಪಿವಿಸಿ ಕೂಡಿ, ಕರಗಿಸಿ ತೆಗೆದ ದಾಣಾದ ಎಳೆ ಹಳದಿಯಾಗಿ ಪಟಪಟನೆ ತುಂಡಾಯಿತು. ಮಷೀನು ನಿಲ್ಲಿಸಿದರು. ಸೇಠರು ಒಂದು ತುಂಡು ಕೈಗೆತ್ತಿಕೊಂಡು ನನ್ನ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಕಾಂತಾ ಎರಡು ರಾಶಿ ಕೂಡಿಸಿರಬೇಕು. ಕೇಳಿದರೆ ಬೆಳಕು ಸರಿಯಿಲ್ಲ ಅನ್ನುತ್ತಾಳೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.

ಈಗೀಗ ಮೂಗಿಗಿಂತ ಉರಿಯ ಬಣ್ಣ ನೋಡುತ್ತೇನೆ. ಅದೂ ಒಂದು ವಿದ್ಯೆಯೇ.

೧೦ ಮೇ, ಶುಕ್ರವಾರ

ಮೊಮ್ಮಗ! ಬೆಳಿಗ್ಗೆ ಒಂಬತ್ತಕ್ಕೆ. ಎರಡು ಕೇಜಿ ಏಳುನೂರು. ತಾಯಿ ಆರಾಮಾಗಿದ್ದಾಳೆ. ಅಳಿಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ.

ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಹೋಗಿದ್ದೆ. ಕೂಸನ್ನು ಕೈಗೆ ಕೊಟ್ಟಾಗ ಕಣ್ಣು ಮುಚ್ಚಿ ನೆತ್ತಿಗೆ ಮೂಗಿಟ್ಟೆ.

ಆಸ್ಪತ್ರೆಯವರು ಏನೋ ಹಾಕಿ ಒರೆಸಿರಬೇಕು. ಮನೆಗೆ ಬರಲಿ, ಎಳ್ಳೆಣ್ಣೆ ತಿಕ್ಕಿ ಎರೆದರೆ ತಾನಾಗಿ ಬರುತ್ತದೆ.

೧೭ ಮೇ, ಶುಕ್ರವಾರ

ಶೆಡ್ಡಿಗೆ ರಜೆ ಹಾಕಿಲ್ಲ, ಬೆಳಿಗ್ಗೆ ಕೂಸಿಗೆ ಎರೆದು ಹೋಗುತ್ತೇನೆ, ಸಂಜೆ ಬಂದು ಲೋಬಾನದ ಹೊಗೆ ಕೊಡುತ್ತೇನೆ. ಕುಬರಾ ಕೊಟ್ಟ ಲೋಬಾನ, ಅದನ್ನೂ ಅಂಥದೇ ಒಂದು ಡಬ್ಬಿಯಲ್ಲಿ ಮಾಡದಲ್ಲೇ ಇಟ್ಟಿದ್ದೇನೆ. ಬಿಳಿ ಹಳದಿ ಹರಳು, ನೋಡಲು ಅಸಲಿ, ಹಾಕಿದರೆ ಹೊಗೆಯಷ್ಟೇ. ಕಲಬೆರಕೆ ಇರಬೇಕು ಅಂದರೆ ಕುಬರಾಗೆ ಸಿಟ್ಟು ಬಂತು. "ನಮ್ಮ ಮನಿತನಕ ಘಮ್ ಅಂತಾದಲ್ರೀ ಅಕ್ಕಾ" ಅಂದಳು. ಕೊಟ್ಟವಳು ಹಾಗೆ ಅನ್ನಲೇಬೇಕಲ್ಲ.

ಕೂಸಿನ ನೆತ್ತಿ ಇನ್ನೂ ಮಾತಾಡಿಲ್ಲ.

೨೩ ಮೇ, ಗುರುವಾರ. ಬುದ್ಧ ಪೂರ್ಣಿಮೆ

ಬರೆಯಲು ಆಗುವುದಿಲ್ಲ.

೨೫ ಮೇ, ಶನಿವಾರ

ಬರೆಯುತ್ತೇನೆ. ಬರೆಯದೆ ಇದ್ದರೆ ನಾನೇ ಏನಾದರೂ ಬೇರೆ ಕತೆ ಕಟ್ಟಿಕೊಂಡು ಬಿಡುತ್ತೇನೆ.

ಪೂರ್ಣಿಮೆಯ ಬೆಳಿಗ್ಗೆ ಶೆಡ್ಡಿಗೆ ರಜೆ ಇತ್ತು. ಕಾಂತಾ ನೀರಿಗೆ ಹೋಗಿದ್ದಳು. ನಾನು ಕೂಸಿಗೆ ಎರೆದೆ, ಯಶೋಧರಾ ಸ್ನಾನಕ್ಕೆ ಹೋದಳು. ಕುಂಪಟಿಯಲ್ಲಿ ಕೆಂಡ ಮಾಡಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೆ. ಬಿಸಿಲ ಗಾಳಿ, ಧೂಳು ಬರದಿರಲಿ ಎಂದು ಬಾಗಿಲು ಮುಂದೆ ಮಾಡಿದ್ದೆ. ಅರೆಗತ್ತಲೆಯಲ್ಲೇ ಮಾಡದಿಂದ ಡಬ್ಬಿ ತೆಗೆದುಕೊಂಡೆ. ಲೋಬಾನಕ್ಕೆ ಸತ್ವ ಇಲ್ಲ ಅಂತ ಎರಡು ಮುಷ್ಟಿ ಹಾಕಿದೆ.

ಅದು ಲೋಬಾನದ ಡಬ್ಬಿ ಆಗಿರಲಿಲ್ಲ.

ಹೊಗೆ ದಟ್ಟವಾಗಿ ಬಂತು. ಇವತ್ತು ಚೆನ್ನಾಗಿ ಹೊಗೆ ಬಂತಲ್ಲ ಎಂದು ಖುಷಿಪಟ್ಟೆ. ಕುಂಚಿಗೆಯ ಅಂಚು ಎತ್ತಿ ಕೂಸಿನ ತಲೆಗೆ, ಬೆನ್ನಿಗೆ ಹೊಗೆ ಹಿಡಿದೆ. ಜೋಗುಳ ಹಾಡುತ್ತಿದ್ದೆ. ಕಣ್ಣು ಉರಿದವು, ಹೊಗೆಗೆ ಉರಿಯುವುದೇ ಅಂದುಕೊಂಡೆ. ಗಂಟಲು ಕೆರೆಯಿತು, ಆ ಕೆಮ್ಮು ನನಗೆ ದಿನವೂ ಇದ್ದದ್ದೇ. ಕೂಸು ಕೆಮ್ಮಿತು. ಆಮೇಲೆ ಅಳುವುದಕ್ಕೆ ಬಾಯಿ ತೆರೆಯಿತು, ದನಿ ಬರಲಿಲ್ಲ.

ಬಾಗಿಲು ದೂಡಿಕೊಂಡು ಬಂದವಳು ಕುಬರಾ. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

"ಏನ್ ಸುಡ್ಲತ್ತೀರಿ ಅಕ್ಕಾ? ಓಣಿಗೆಲ್ಲ ಪೈಪ್ ಸುಟ್ಟ ವಾಸನಿ ಹಬ್ಬ್ಯಾದ! ಕೂಸಿಗಿ ಹೊರಗ ಕೊಡ್ರಿ, ಕೊಡ್ರಿ!"

ಕಸಿದುಕೊಂಡು ಓಡಿದಳು. ನಾನು ಕುಂಪಟಿಯ ಮುಂದೆ ಕೂತೇ ಇದ್ದೆ. ಕೆಂಡದ ಮೇಲೆ ಔರಾದದ ಪೈಪಿನ ಚೂರುಗಳು ಕರ್ರಗೆ ಉಬ್ಬುತ್ತಿದ್ದವು. ಬಗ್ಗಿ ಮೂಸಿದೆ. ಮತ್ತೆ ಮೂಸಿದೆ. ಅಲ್ಲಿ ಏನೂ ಇರಲಿಲ್ಲ.

ಕೂಸು ಆಸ್ಪತ್ರೆಯಲ್ಲಿ ಆಕ್ಸಿಜನ್ನಿನ ಮೇಲೆ ಇದೆ. ಬದುಕುತ್ತದೆ ಅಂದಿದ್ದಾರೆ. ಏನು ಹೊಗೆ ಎಂದು ಡಾಕ್ಟರು ಕೇಳಿದಾಗ ಯಶೋಧರಾ ನನ್ನ ಮುಖ ನೋಡಿದಳು. ನಾನೇ ಹೇಳಿದೆ. ಪಿವಿಸಿ, ಎರಡು ಮುಷ್ಟಿ.

೨೮ ಮೇ, ಮಂಗಳವಾರ

ಮನೆಯಲ್ಲಿ ಯಾರೂ ಇಲ್ಲದಾಗ ಎಲ್ಲ ತೆಗೆದು ಮುಂದಿಟ್ಟುಕೊಂಡು ಮೂಸಿದೆ. ಸೀಮೆಎಣ್ಣೆ. ಇಂಗು. ಬೆಳ್ಳುಳ್ಳಿ. ಕುಬರಾಳ ಲೋಬಾನ. ಜಯಂತಿಗೆ ತಂದ ಊದುಬತ್ತಿ. ನನ್ನದೇ ಕಂಕುಳು.

ಕುಬರಾಗೆ ಕಲಬೆರಕೆ ಅಂದಿದ್ದೆ. ಕೊತ್ತಂಬರಿಗೆ ಬೈದಿದ್ದೆ. ಹಾಲಿಗೆ ಬೈದಿದ್ದೆ. ತಂಗಿಯ ತಲೆಗೆ ತಪ್ಪು ಕಟ್ಟಿದೆ. ಆ ಮೂರು ಶೀಶೆ ಖಾಲಿ ಇರಲಿಲ್ಲ. ನಾಚಿಕೆಯಿಂದ ಸಾಯುವಂತಾಗುತ್ತದೆ.

ಕೂಸಿಗೆ ಆರಾಮಾಯಿತು. ಆಸ್ಪತ್ರೆಯಿಂದಲೇ ಅಳಿಯ ತಾಯಿ ಮಗುವನ್ನು ಭಾಲ್ಕಿಗೆ ಕರೆದುಕೊಂಡು ಹೋದ. ಸಭ್ಯ ಹುಡುಗ, ದನಿ ಎತ್ತಲಿಲ್ಲ. "ಅತ್ತಿ, ನೀವು ಸದ್ಯ ಬರಬ್ಯಾಡ್ರಿ. ನಾವೇ ಹೇಳಿ ಕಳಸ್ತೀವಿ" ಅಂದ. ಯಶೋಧರಾ ಕಾರಿನಲ್ಲಿ ಕೂತು ಈ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಅತ್ತುಬಿಡುತ್ತಿದ್ದೆ, ಅದು ಅವಳಿಗೂ ಗೊತ್ತು.

ಕೂಸಿನ ಒಂದು ಕುಂಚಿಗೆ ಹಗ್ಗದ ಮೇಲೆ ಉಳಿದುಹೋಗಿದೆ. ಪೂರ್ಣಿಮೆಯ ಹಿಂದಿನ ದಿನ ಕಟ್ಟಿದ್ದು, ಒಗೆದಿಲ್ಲ. ಕಾಂತಾ ಮುಖಕ್ಕೆ ಒತ್ತಿಕೊಂಡು "ಹಾಲು, ಎಳ್ಳೆಣ್ಣಿ ಅಕ್ಕಾ. ಕೂಸಿಂದೇ ವಾಸನಿ" ಅಂದಳು. ಇನ್ನೊಮ್ಮೆ ಹೇಳು ಅಂದೆ. ಇನ್ನೊಮ್ಮೆ ಹೇಳಿದಳು.

೩ ಜೂನ್, ಸೋಮವಾರ

ಸೇಠರಿಗೆ ಹೇಳಿದೆ. ನನ್ನ ಮೂಗು ಹೋಗಿದೆ, ಈ ಕೆಲಸ ನನ್ನಿಂದ ಆಗದು.

ತಸ್ಬಿಯ ಮಣಿ ತಿರುಗಿಸುತ್ತಲೇ ಹೇಳಿದರು. "ಪಿವಿಸಿ ಕೂಡಿದ ದಿನಾನೇ ಗೊತ್ತಾಗಿತ್ತು ಜಿಜಾಬಾಯಿ. ನಂದು ಹೋದಾಗ ನಾನೂ ಎರಡು ವರ್ಷ ನೆಗಡೀನೇ ಅಂತ ನಂಬಿದ್ದೆ, ಮಂದಿಗಿ ಇವತ್ತಿಗೂ ಹಾಂಗೇ ಹೇಳ್ತೀನಿ. ಮನ್ಯಾಗ ಬಿರಿಯಾನಿ ಮಾಡಿದಾಕಿಗಿ ಬೈದೆ. ನಿಮಗ ಹ್ಯಾಂಗ ಹೇಳ್ಲಿ?"

ಆ ದಿನ ಹೇಳಿದ್ದರೆ ಎಂದು ಬಾಯಿಗೆ ಬಂತು. ಆದರೆ ಡಾಕ್ಟರ್ ಬಾಯಿ ಕೊಟ್ಟ ಚೀಟಿ ನನ್ನ ಟ್ರಂಕಿನಲ್ಲೇ ಇತ್ತಲ್ಲ.

"ಕೆಲಸ ಬಿಡಬ್ಯಾಡ್ರಿ. ನೀವು ಪುಡಿ ಮಷೀನಿಗಿ ನಿಂದರ್ರಿ, ನಿಮ್ಮ ಜಾಗಾಕ್ಕ ಕಾಂತಾಬಾಯಿಗಿ ಕೂಡಸ್ರಿ. ಆಕಿಂದು ಮೂಗು ಹ್ಯಾಂಗದ?"

ಈ ವಾರ ಕಳೀಲಿ, ಹೇಳ್ತೇನಿ ಅಂದೆ. ಮನೆಗೆ ಬಂದು ಕಾಂತಾಗೆ ಹೇಳಿದರೆ ಅವಳ ಮುಖ ಅರಳಿತು. "ಧೂಳದಾಗಿಂದ ಪಾರಾದೆ ಅಕ್ಕಾ" ಅಂದಳು. ಮನೆಗೆ ಬರುವ ದಾರಿಯಲ್ಲಿ ಏರು ಹತ್ತುವಾಗ ಮೂರು ಕಡೆ ಕೂತೆ, ಆ ರಸ್ತೆ ಮಾಡಿದವನಿಗೆ ಒಳ್ಳೆಯದಾಗಲಿ.

೮ ಜೂನ್, ಶನಿವಾರ

ಮಳೆ. ಒಂದೂವರೆ ವರ್ಷದ ಮೇಲೆ ಮಳೆ ಅನ್ನುವಂಥ ಮಳೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಕುಬರಾ ಎರಡೂ ಕೈ ಚಾಚಿ "ಮಣ್ಣಿನ ವಾಸನಿ ನೋಡ್ರಿ!" ಅಂದು ನಾಲಿಗೆ ಕಚ್ಚಿಕೊಂಡಳು. ಕಾಂತಾ ನನ್ನ ಪಕ್ಕದಲ್ಲೇ ಇದ್ದಳು. "ಹೌದಕ್ಕಾ, ಎಂಥಾ ವಾಸನಿ" ಅಂದಳು, ಕುಬರಾ ಅಂದ ಮೇಲೆ. ನಾನು ಇಬ್ಬರ ಮುಖವನ್ನೂ ನೋಡಿದೆ.

ಸಂಜೆ ಕಾಂತಾಗೆ ಕುಂಚಿಗೆ ಕೊಟ್ಟು ಕೇಳಿದೆ. ಹಾಲು, ಎಳ್ಳೆಣ್ಣೆ ಅಂದಳು. ಹತ್ತು ಹನ್ನೊಂದು ದಿನದ ಹಿಂದೆ ಹೇಳಿದ್ದೇ ಮಾತು, ಒಂದು ಅಕ್ಷರವೂ ಬದಲಾಗದೆ.

ಜಯಂತಿಯ ದಿನ ಆ ಕೆಟ್ಟ ಚಹಾ ಪೂರ್ತಿ ಕುಡಿದವಳು ಇವಳೇ.

೯ ಜೂನ್, ಭಾನುವಾರ

ನಾಳೆಯಿಂದ ಕಾಂತಾ ಮೂಗಿನ ಜಾಗದಲ್ಲಿ ಕೂರಬೇಕು. ನಾನು ಸೇಠರಿಗೆ ಇನ್ನೂ ಹೂಂ ಅಂದಿಲ್ಲ.

ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ಡಬ್ಬಿಯಲ್ಲಿ ಒಂದೇ ಒಂದು ಚೂರು ಉಳಿದಿತ್ತು. ಕಿಟಕಿ, ಬಾಗಿಲು ಎಲ್ಲ ತೆರೆದಿಟ್ಟೆ. ಕಡ್ಡಿ ಗೀರಿ ತುದಿಗೆ ಹಚ್ಚಿದೆ. ಅಂಚಿನಲ್ಲಿ ಹಸಿರು ಉರಿ ಬಂತು, ಪಿವಿಸಿಯೇ. ಊದಿ ನಂದಿಸಿ ಅವಳ ಕಿವಿಯ ಹತ್ತಿರಕ್ಕೆ ಹಿಡಿದೆ. ಹೊಗೆ ಅವಳ ಕೆನ್ನೆ ಸವರಿಕೊಂಡು ಮುಂದಕ್ಕೆ ಹೋಯಿತು.

ಓಣಿಯಲ್ಲಿ ಕುಬರಾ ಕೆಮ್ಮುವುದು ಕೇಳಿಸಿತು. "ಅಕ್ಕಾ, ಮತ್ತೇನ್ ಸುಡ್ಲತ್ತೀರಿ?" ಎಂದು ಅಲ್ಲಿಂದಲೇ ಕೂಗಿದಳು.

ಕಾಂತಾ ರೊಟ್ಟಿ ತಿರುವಿ ಹಾಕಿದಳು. "ಏನ್ ಅಂತಾಳ ಅಕ್ಕಾ ಕುಬರಾ? ಯಾರ್ ಏನ್ ಸುಡ್ಲತ್ತಾರ?" ಎಂದು ಕೇಳಿದಳು.